ಮಾಜಾಳಿಯಿಂದ ತಲಪಾಡಿಗೆ: ಎಂಟು ಕಂತಿನ ನಡಿಗೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಸಾಹಿತಿಗಳು, ಇಲ್ಲವೆ ಪ್ರಾಧ್ಯಾಪಕರು. ನಾನು ಬ್ಯಾಂಕಿನ ಗುಮಾಸ್ತ. ಓದಿದ್ದು ವಾಣಿಜ್ಯ, ಬರೆಯುವುದು ಜಮಾ ಖರ್ಚು. ಆದ್ದರಿಂದ ನಮ್ಮ ಕಾರ್ಯದರ್ಶಿಗಳು ಬಂದು, "ನೀವು ನಾಲ್ವರು ಸ್ನೇಹಿತರು ಕರ್ನಾಟಕದ ಕಡಲತೀರವನ್ನೆಲ್ಲ ಕಾಲ್ನಡಿಗೆಯಲ್ಲಿ ಮುಗಿಸಿದಿರಂತೆ, ಅದನ್ನು ಸಭೆಗೆ ಹೇಳಿ" ಎಂದಾಗ ನಾನು ಹಿಂಜರಿದೆ. "ಭಾಷಣ ಬೇಡ, ಲೆಕ್ಕ ಒಪ್ಪಿಸಿ" ಎಂದರು. ಲೆಕ್ಕ ಒಪ್ಪಿಸುವುದಕ್ಕೆ ನಾನು ಇಲ್ಲವೆನ್ನುವಂತಿಲ್ಲ. ಹಾಗಾಗಿ ಇಂದು ನಾನು ಹೇಳುವುದನ್ನು ತಾವು ಒಂದು ಲೆಕ್ಕಪತ್ರವೆಂದೇ ಭಾವಿಸಿ ಕೇಳಬೇಕೆಂದು ಬೇಡುತ್ತೇನೆ.

ಮೊದಲು ಬಂಡವಾಳದ ವಿಚಾರ. ನಮ್ಮ ನಾಡಿನ ಕಡಲತೀರ ಎಷ್ಟು ಉದ್ದ? ಶಾಲೆಯಲ್ಲಿ ಕಲಿತದ್ದು ೩೨೦ ಕಿಲೋಮೀಟರು. ಕೇಂದ್ರ ಸರಕಾರದ ಹಳೆಯ ಪಟ್ಟಿಯಲ್ಲಿ ೨೮೦. ಗೃಹ ಮಂತ್ರಾಲಯದ ೨೦೨೩-೨೪ರ ವಾರ್ಷಿಕ ವರದಿಯಲ್ಲಿ ಅದೇ ತೀರ ೩೪೩ ಚಿಲ್ಲರೆ. ಒಂದೇ ಖಾತೆಗೆ ಮೂರು ಮೊತ್ತ! ನನ್ನ ಬ್ಯಾಂಕಿನಲ್ಲಾಗಿದ್ದರೆ ಆ ದಿನ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆದರೆ ಇದರಲ್ಲಿ ಮೋಸವೇನೂ ಇಲ್ಲ. ದೊಡ್ಡ ಅಳತೆಗೋಲು ಹಿಡಿದವನು ಕೊಲ್ಲಿಗಳನ್ನೂ ಅಳಿವೆಗಳನ್ನೂ ಹಾರಿಕೊಂಡು ಹೋಗುತ್ತಾನೆ. ಸಣ್ಣ ಗೋಲು ಹಿಡಿದವನು ಪ್ರತಿಯೊಂದು ತಿರುವಿಗೂ ಬಗ್ಗುತ್ತಾನೆ. ಬಗ್ಗಿದಷ್ಟೂ ತೀರ ಉದ್ದವಾಗುತ್ತದೆ. ನಮ್ಮ ಗೋಲು ಎಂದರೆ ನಮ್ಮ ಪಾದ. ಸುತ್ತುಬಳಸು ಸೇರಿ ನಮ್ಮ ಲೆಕ್ಕಕ್ಕೆ ೩೫೨ ಕಿಲೋಮೀಟರು ಬಂತು. ಎಂಟು ಕಂತು, ಇಪ್ಪತ್ತೆರಡು ದಿನ. ಆದರೆ ಹಿಡಿದ ಕಾಲ ಮೂರು ವರ್ಷದ ಮೇಲೆ ಎರಡು ತಿಂಗಳು. ಹೀಗೇಕೆ ತಡವಾಯಿತೆಂಬುದೇ ನನ್ನ ಭಾಷಣದ ಮುಖ್ಯ ಸಂಗತಿ. ಅದಕ್ಕೆ ಕ್ರಮವಾಗಿ ಬರುತ್ತೇನೆ.

ನಮ್ಮ ನಾಲ್ವರ ಪರಿಚಯ ಇಷ್ಟು. ಒಬ್ಬರು ನಗರಪಾಲಿಕೆಯ ಕನ್ನಡ ಶಾಲೆಯ ಉಪಾಧ್ಯಾಯರು, ಊರು ಕುಮಟೆಯ ಕಡೆ, ಹವ್ಯಕರು, ನಮಗೆಲ್ಲ ಹಿರಿಯರು. ಅವರನ್ನು ನಾವು ಮಾಸ್ತರರೆಂದೇ ಕರೆಯುತ್ತೇವೆ. ಎರಡನೆಯವನು ಕುಂದಾಪುರದ ಕಡೆಯ ಹೋಟೆಲಿನ ಮನೆತನದವನು. ಮೂರನೆಯವನು ಔಷಧದ ವ್ಯಾಪಾರದಲ್ಲಿರುವವನು. ಅವನ ತಾಯಿಯ ಮನೆ ಮಲ್ಪೆಗೂ ಕಾಪುವಿಗೂ ನಡುವಣ ಒಂದು ಊರು. ನಾಲ್ಕನೆಯವನು ನಾನು, ಗದಗಿನ ಕಡೆಯ ಬಯಲುಸೀಮೆಯವನು. ಮುಂಬಯಿಗೆ ಬರುವ ತನಕ ಕಡಲನ್ನು ಕಂಡವನೇ ಅಲ್ಲ. ಬಂದ ಮೇಲೆ ಕಂಡದ್ದೂ ಚೌಪಾಟಿಯ ಕಡಲು.

ಈ ಸಾಹಸದ ಯೋಚನೆ ಹುಟ್ಟಿದ್ದು ಮತ್ಸ್ಯಗಂಧಾ ಗಾಡಿಯಲ್ಲಿ. ಕೊಂಕಣ ರೈಲ್ವೆ ೧೯೯೮ರ ಜನವರಿಯಲ್ಲಿ ಪೂರ್ತಿ ತೆರೆದ ಮೇಲೆ ಕರಾವಳಿಯ ಮುಂಬಯಿಗರಿಗೆ ಊರಿನ ದಾರಿ ಎಷ್ಟು ಸುಲಭವಾಯಿತೆಂಬುದನ್ನು, ಅದಕ್ಕೆ ಮೊದಲು ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡ ಹಿರಿಯರು ಈ ಸಭೆಯಲ್ಲೇ ಇದ್ದಾರೆ, ಅವರೇ ಹೇಳಿಯಾರು. ಮಧ್ಯಾಹ್ನ ಹತ್ತಿದರೆ ಬೆಳಗಿಗೆ ಉಡುಪಿ. ಸುಖವೇ ಸರಿ. ಆದರೆ ಮಾಸ್ತರರು ಒಮ್ಮೆ ಗಾಡಿಯಲ್ಲಿ ಒಂದು ಮಾತು ಹೇಳಿದರು: "ನಮ್ಮ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ ಇಷ್ಟನ್ನೂ ನೀವೆಲ್ಲ ನಿದ್ರೆಯಲ್ಲೇ ದಾಟುತ್ತೀರಿ. ಒಂದು ಜಿಲ್ಲೆಗೆ ಜಿಲ್ಲೆಯೇ ನಿಮಗೆ ಕಂಬಳಿಯೊಳಗಿನ ಕತ್ತಲೆ." ಮಾತು ನಗೆಯದು, ಆದರೆ ಸುಳ್ಳಲ್ಲ. ಊರು ಎಂದರೆ ನಮಗೆ ಒಂದು ನಿಲ್ದಾಣದ ಹೆಸರು. ನಿಲ್ದಾಣ ನಿಲ್ದಾಣಗಳ ನಡುವೆ ಏನಿದೆಯೆಂಬುದು ನಮಗೆ ಬೇಕಿಲ್ಲ. ಅಂದೇ ನಿಶ್ಚಯವಾಯಿತು: ಗೋವೆಯ ಗಡಿಯ ಮಾಜಾಳಿಯಿಂದ ಕೇರಳದ ಗಡಿಯ ತಲಪಾಡಿಯ ತನಕ ನಡೆಯುವುದು.

ಆದರೆ ಸಂಬಳದವರಿಗೆ ತಿಂಗಳಗಟ್ಟಲೆ ರಜೆ ಎಲ್ಲಿಯದು? ೨೦೧೫ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಿಡುವು. ಶನಿವಾರ, ಭಾನುವಾರ, ಅದಕ್ಕೆ ಅಂಟಿಸಿ ಒಂದು ರಜೆ: ಮೂರು ದಿನದ ಒಂದು ಕಂತು. ಮಳೆಗಾಲದಲ್ಲಿ ಅಲೆಗಳು ಮರಳನ್ನು ಎಳೆದೊಯ್ದು ದಡ ನಡೆಯಲು ಬಾರದ ಹಾಗಾಗುತ್ತದೆ, ಮಾರ್ಚಿಯಲ್ಲಿ ನನಗೆ ವರ್ಷಾಂತ್ಯದ ಲೆಕ್ಕ, ಆಮೇಲೆ ಬಿಸಿಲು. ಉಳಿದದ್ದು ನವೆಂಬರಿನಿಂದ ಫೆಬ್ರವರಿ. ಎರಡು ನಿಯಮ ಮಾಡಿಕೊಂಡೆವು. ಒಂದು, ಬಿಟ್ಟ ಜಾಗದಿಂದಲೇ ಮುಂದಿನ ಕಂತನ್ನು ಹಿಡಿಯಬೇಕು. ಎರಡು, ನಾಲ್ವರೂ ಇದ್ದರೆ ಮಾತ್ರ ಕಂತು. ಒಬ್ಬ ಬಾರದಿದ್ದರೂ ಅದು ಮುಂದಕ್ಕೆ ಹೋಗಬೇಕು. ಎರಡನೆಯ ನಿಯಮವನ್ನು ಹಾಕಿದವನು ಔಷಧದ ಸ್ನೇಹಿತನೇ ಎಂಬುದನ್ನು ದಯವಿಟ್ಟು ನೆನಪಿಡಬೇಕು.

೨೦೨೧ರ ಡಿಸೆಂಬರಿನ ಎರಡನೆಯ ಶನಿವಾರಕ್ಕೆ ಸೇರಿಸಿ ಮೊದಲ ಕಂತು. ಮಾಜಾಳಿಯ ಗುಡ್ಡದ ಆಚೆ ತಿಳ್ಮಾತಿ ಎಂಬ ಪುಟ್ಟ ತೀರ. ಮರಳು ಎಳ್ಳಿನ ಹಾಗೆ ಕಪ್ಪು. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಅಲ್ಲಿ ಒಂದು ಹಿಡಿ ಮರಳನ್ನು ಕೈಯಲ್ಲಿ ಹಿಡಿದು ಬಿಟ್ಟು ಹೊರಟೆವು. ಸದಾಶಿವಗಡದ ಕೆಳಗೆ ಕಾಳಿ ನದಿಯ ಹಳೆಯ ಸೇತುವೆಯನ್ನು ನಡೆದು ದಾಟಿ ಕಾರವಾರ ಹೊಕ್ಕೆವು. ರವೀಂದ್ರನಾಥ ಠಾಕೂರರು ೧೮೮೩ರಲ್ಲಿ, ಇನ್ನೂ ಇಪ್ಪತ್ತೆರಡರ ತರುಣರಾಗಿದ್ದಾಗ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದು ಒಂದು ನಾಟಕವನ್ನೇ ಬರೆದರು. ಇಂದು ಆ ತೀರಕ್ಕೆ ಅವರದೇ ಹೆಸರು.

ಕಾರವಾರದಿಂದ ದಕ್ಷಿಣಕ್ಕೆ ನಮ್ಮ ಲೆಕ್ಕದಲ್ಲಿ ಮೊದಲ ಖೋತಾ ಬಿತ್ತು. ಬಿಣಗಾದಿಂದಾಚೆಗೆ ನೌಕಾಪಡೆಯ ನೆಲೆ. ಹಾರವಾಡದ ತನಕ ಕಡಲಿಗೆ ಇಳಿಯುವಂತಿಲ್ಲ. ದೇಶದ ಕಾವಲಿಗೆ ಬೇಕಾದ ಜಾಗ, ನಾವು ಗೊಣಗಲಿಲ್ಲ. ಆದರೆ ಹೆದ್ದಾರಿಯ ಬದಿಯಲ್ಲಿ ಲಾರಿಗಳ ಗಾಳಿ ತಿನ್ನುತ್ತ ನಡೆಯುವಾಗ, ಆ ಜಾಗವನ್ನು ಬಿಟ್ಟುಕೊಟ್ಟು ಎದ್ದು ಹೋದ ಊರುಗಳ ಜನ ಯಾವ ಯಾವ ದಾರಿ ಹಿಡಿದರೋ ಎಂದು ಮಾಸ್ತರರು ಕೇಳಿದರು. ಊರು ಬಿಟ್ಟು ಬಂದ ನಾವು ನಾಲ್ವರೂ ಸ್ವಲ್ಪ ದೂರ ಮಾತಿಲ್ಲದೆ ನಡೆದೆವು.

ನಡೆಯುವ ವಿದ್ಯೆಯನ್ನು ಮೊದಲ ಎರಡು ಕಂತುಗಳಲ್ಲಿ ಕಲಿತೆವು. ಒಣ ಮರಳಿನಲ್ಲಿ ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ನೀರು ಇಳಿದು ಹೋದ ಹಸಿ ಮರಳು ಗಟ್ಟಿ. ಅದರ ಮೇಲೆ ಗಂಟೆಗೆ ನಾಲ್ಕು ಕಿಲೋಮೀಟರು ಸರಾಗ. ಆದ್ದರಿಂದ ನಡೆಯುವವನಿಗೆ ಗಡಿಯಾರಕ್ಕಿಂತ ಭರತ ಇಳಿತದ ಲೆಕ್ಕ ಮುಖ್ಯ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತ ಹೆಚ್ಚು. ಇಂದು ಬಂದ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡ. ಮಾಸ್ತರರು ಇದನ್ನು ಪಂಚಾಂಗದಿಂದಲೇ ಹೇಳುತ್ತಿದ್ದರು: ತಿಥಿಗೆ ಎರಡು ಘಳಿಗೆ. ಘಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ಎರಡು ಘಳಿಗೆಗೆ ನಲವತ್ತೆಂಟು. ನನ್ನ ಕೈಫೋನಿನ ಪಟ್ಟಿಗೂ ಅವರ ಪಂಚಾಂಗಕ್ಕೂ ಎರಡು ನಿಮಿಷದ ವ್ಯತ್ಯಾಸ. ನಾನು ಸೋಲೊಪ್ಪಿದೆ.

ಅಂಕೋಲೆಯಲ್ಲಿ, ೧೯೩೦ರಲ್ಲಿ ಉಪ್ಪಿನ ಕಾಯಿದೆ ಮುರಿದ ಊರಿನ ನೆಲದಲ್ಲಿ, ಎರಡನೆಯ ಕಂತನ್ನು ಪ್ರಾರಂಭಿಸಿದೆವು. ಗಂಗಾವಳಿ ದಾಟಿ, ಗೋಕರ್ಣದ ದಕ್ಷಿಣದ ಗುಡ್ಡಗಳನ್ನು ಹತ್ತಿಳಿದು ತದಡಿಗೆ ಬಂದರೆ ಎದುರಿಗೆ ಅಘನಾಶಿನಿಯ ಅಗಲವಾದ ಅಳಿವೆ. ಇದು ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ತೀರದುದ್ದಕ್ಕೂ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು ಆರಿಸುತ್ತಿದ್ದರು. ಈ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತ ಉಂಟು. ಉಪ್ಪು ಹತ್ತಿದ ನೆಲ ಸತ್ತ ನೆಲವೆಂದು ನಂಬಿದ ಬಯಲುಸೀಮೆಯವನಾದ ನನಗೆ ಇದು ಪವಾಡದ ಹಾಗೆ ಕಂಡಿತು. "ಪವಾಡವಲ್ಲ, ಅಭ್ಯಾಸ" ಎಂದರು ಮಾಸ್ತರರು.

ಮೂರನೆಯ ಕಂತಿನಲ್ಲಿ ಹೊನ್ನಾವರದ ಶರಾವತಿ, ಕಾಸರಕೋಡು, ಮುರ್ಡೇಶ್ವರ. ಇವನ್ನು ತಾವೆಲ್ಲ ಕಂಡಿದ್ದೀರಿ, ವರ್ಣನೆ ಬೇಡ. ನಾಲ್ಕನೆಯ ಕಂತಿನಲ್ಲಿ ಭಟ್ಕಳ ಕಳೆದು ಶಿರೂರಿನ ಹತ್ತಿರ ಒಂದು ಗೆರೆ ದಾಟಿದೆವು. ಇಂದು ಅದು ಉತ್ತರ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಗಡಿ, ಅಷ್ಟೆ. ಹೋಟೆಲಿನ ಸ್ನೇಹಿತ ಅದನ್ನು ಗಮನಿಸದೆ ಮುಂದೆ ನಡೆದ. ಮಾಸ್ತರರು ಅವನನ್ನು ನಿಲ್ಲಿಸಿದರು. ಒಂದೇ ಆಗಿದ್ದ ಕನ್ನಡ ಜಿಲ್ಲೆಯನ್ನು ಇಂಗ್ಲಿಷರು ಒಡೆದು, ೧೮೬೨ರಲ್ಲಿ ಬಡಗಣ ಭಾಗವನ್ನು ಮುಂಬಯಿ ಇಲಾಖೆಗೆ ಕೊಟ್ಟರು. ತೆಂಕಣ ಭಾಗ ಮದರಾಸಿನಲ್ಲೇ ಉಳಿಯಿತು. ಒಂದೇ ಕಡಲು, ಒಂದೇ ಮರಳು, ಒಂದೇ ಮೀನು. ಆದರೆ ಇತ್ತ ನಿಂತವನು ಮುಂಬಯಿಯವನು, ಅತ್ತ ನಿಂತವನು ಮದರಾಸಿನವನು. ಈ ಗೆರೆ ಪ್ರಾಂತದ ಗಡಿಯಾಗಿ ತೊಂಬತ್ತನಾಲ್ಕು ವರ್ಷ ಬಾಳಿತು. ೧೯೫೬ರ ನವೆಂಬರ್ ೧ರಂದು ಅಳಿಸಿಹೋಯಿತು. ನಾವು ಇಲ್ಲಿ ವರ್ಷ ವರ್ಷ ರಾಜ್ಯೋತ್ಸವದ ದೀಪ ಹಚ್ಚುತ್ತೇವೆ. ಏನು ಕೂಡಿತೆಂಬುದನ್ನು ಕಾಲಿನಿಂದ ತಿಳಿದದ್ದು ನನಗೆ ಅಂದೇ. ಕೂಡಿದ ಜಾಗದಲ್ಲಿ ಗುರುತೇ ಇಲ್ಲದಿರುವುದು, ಸ್ನೇಹಿತ ಗಮನಿಸದೆ ನಡೆದುಹೋದದ್ದು, ಅದೇ ಅದರ ಯಶಸ್ಸು.

ಭಾಷೆಯ ಮಾತು ಬಂದದ್ದರಿಂದ ಒಂದು ವಿನೋದ ಹೇಳುತ್ತೇನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಮೀನಿಗೆ ಮೂರು ಖಾತೆ ತೆರೆಯಬೇಕಾಯಿತು. ಕಾರವಾರದಲ್ಲಿ ಅದು ತಾರ್ಲೆ. ಕುಂದಾಪುರಕ್ಕೆ ಬಂದರೆ ಬೈಗೆ. ಉಡುಪಿ ದಾಟಿದರೆ ಬೂತಾಯಿ. ಮಾಜಾಳಿಯಲ್ಲಿ ಕೊಂಕಣಿ, ಅಂಕೋಲೆಯಲ್ಲಿ ಹಾಲಕ್ಕಿಗಳ ಕನ್ನಡ, ಕುಮಟೆಯಲ್ಲಿ ಹವ್ಯಕರ ಕನ್ನಡ, ಭಟ್ಕಳದಲ್ಲಿ ನವಾಯತರ ಮಾತು, ಕುಂದಾಪುರದ ಕನ್ನಡ, ಸೀತಾನದಿ ದಾಟಿದ ಮೇಲೆ ತುಳು, ಉಳ್ಳಾಲದಲ್ಲಿ ಬ್ಯಾರಿ. ಇಷ್ಟೆಲ್ಲ ಭಾಷೆಗಳ ನಡುವೆ ಹಾದುಹೋಗುವಾಗ ನನ್ನ ಗದಗಿನ ಕನ್ನಡಕ್ಕೆ ಎಲ್ಲ ಕಡೆಯೂ ಉತ್ತರ ಸಿಕ್ಕಿತು. ನಗೆಯೊಂದಿಗೆ ಸಿಕ್ಕಿತೆಂಬುದೂ ನಿಜ. ಮರವಂತೆಯಲ್ಲಿ, ಒಂದು ಬದಿಗೆ ಕಡಲು ಒಂದು ಬದಿಗೆ ಸೌಪರ್ಣಿಕೆ ಇರುವ ಆ ಜಾಗದಲ್ಲಿ, ಬಲೆ ಸರಿಪಡಿಸುತ್ತಿದ್ದ ಮುದುಕರೊಬ್ಬರು "ಹ್ವಾಯ್, ಎಲ್ಲಿಗ್ ಹೋಪುದು?" ಎಂದು ಕೂಗಿ ಕೇಳಿದರು. ತಲಪಾಡಿಗೆ ಎಂದೆವು. ಸ್ವಲ್ಪ ಯೋಚಿಸಿ, ನಿಜವಾದ ಕನಿಕರದಿಂದ "ಬಸ್ಸ್ ಸಿಕ್ಲಿಲ್ಯಾ?" ಎಂದರು. ನಮ್ಮ ಹೋಟೆಲಿನ ಸ್ನೇಹಿತ ಈಗಲೂ ಲೋಕಲ್ ಗಾಡಿ ತಪ್ಪಿದಾಗ ಆ ಮಾತು ಹೇಳಿ ನಗಿಸುತ್ತಾನೆ.

ಐದನೆಯ ಕಂತು ೨೦೨೩ರ ಫೆಬ್ರವರಿಯಲ್ಲಿ. ಗಂಗೊಳ್ಳಿಯಲ್ಲಿ ಐದು ಹೊಳೆ ಸೇರುವ ಅಳಿವೆಯನ್ನು ಮೀನುಗಾರರ ದೋಣಿಯಲ್ಲಿ ದಾಟಿ, ಕೋಟದ ತೀರದಲ್ಲಿ ಇಳಿಹೊತ್ತಿಗೆ ನಡೆದೆವು. ಶಿವರಾಮ ಕಾರಂತರು ೧೯೦೨ರಲ್ಲಿ ಹುಟ್ಟಿದ ಊರು. ಅವರ 'ಮರಳಿ ಮಣ್ಣಿಗೆ'ಯ ರಾಮ ಇಂಥದೇ ಕಡಲಿನ ಊರಿನಿಂದ ಹೊರಟು ಮದರಾಸು ಮುಂಬಯಿಗಳನ್ನು ಕಂಡು ತಿರುಗಿ ಬಂದವನು. ಅದರ ಮಾತಾಡುತ್ತ ನಡೆಯುತ್ತಿರುವಾಗ ಔಷಧದ ಸ್ನೇಹಿತ ಹಿಂದೆ ಉಳಿದ. ಸೀತಾ ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಬಡಗು ದಡದಲ್ಲಿ ಆ ಕಂತು ಮುಗಿಯಿತು. ಎದುರು ದಡದ ಕೋಡಿಬೆಂಗ್ರೆ ಕಾಣುತ್ತಿತ್ತು. ಅಲ್ಲಿಂದ ಒಂದೂವರೆ ದಿನ ನಡೆದರೆ ಅವನ ಊರು.

ಆರನೆಯ ಕಂತು ೨೦೨೩ರ ನವೆಂಬರಿಗೆಂದು ಗೊತ್ತಾಗಿತ್ತು. ಟಿಕೇಟು ಆಗಿದ್ದ ಮೇಲೆ ಅವನಿಗೆ ಕೆಲಸ ಬಂತು. ಜನವರಿಗೆ ಮುಂದೂಡಿದೆವು, ಮನೆಯಲ್ಲಿ ಜ್ವರವೆಂದ. ಫೆಬ್ರವರಿಗೆ ಮುಂದೂಡಿದೆವು, ಆಗ ಅವನು ಕಾರಣವನ್ನೇ ಹೇಳಲಿಲ್ಲ. "ನೀವು ಮೂವರು ಹೋಗಿ ಬನ್ನಿ ಮಾರಾಯ, ನಾನು ಕಾಪುವಿನಲ್ಲಿ ಬಂದು ಸೇರುತ್ತೇನೆ" ಎಂದ.

ನನ್ನ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಅದಕ್ಕೆ ಹೂಂ ಎಂದೆ. ರಜೆ ಹೊಂದಿಸಿ ಹೊಂದಿಸಿ ಬೇಸತ್ತಿದ್ದೆ. "ಮಲ್ಪೆಯಿಂದ ಕಾಪುವಿಗೆ ಹತ್ತು ಹದಿನೈದು ಕಿಲೋಮೀಟರು, ಅದೊಂದನ್ನು ಬಿಟ್ಟರೆ ಆಕಾಶ ಕಳಚಿ ಬೀಳುತ್ತದೆಯೆ? ನೌಕಾನೆಲೆಯನ್ನು ಬಿಟ್ಟಿಲ್ಲವೆ?" ಎಂದು ವಾದಿಸಿದೆ. ಮಾಸ್ತರರು ನನ್ನನ್ನು ನೋಡಿ, "ಅಲ್ಲಿ ಕಾವಲಿನವರು ಬಿಡಲಿಲ್ಲ. ಇಲ್ಲಿ ಬಿಡದಿರುವವನು ಅವನೇ. ಎರಡೂ ಒಂದೇ ಅಲ್ಲ. ನಡುವೆ ಒಂದು ಕಂತು ಹಾರಿಸಿ ಮುಂದಿನದನ್ನು ಕಟ್ಟಿದರೆ ನಿಮ್ಮ ಬ್ಯಾಂಕು ಸಾಲ ತೀರಿತೆಂದು ಬರೆದುಕೊಡುತ್ತದೆಯೆ?" ಎಂದು ಕೇಳಿದರು. ನಾನು ಸುಮ್ಮನಾದೆ.

ಸಂಗತಿ ಇಷ್ಟೇ. ಅವನ ತಾಯಿಗೂ ಆಕೆಯ ಅಕ್ಕನಿಗೂ ಕುಟುಂಬದ ಜಾಗದ ಪಾಲಿನಲ್ಲಿ ಮನಸ್ತಾಪ ಬಂದಿತ್ತು. ಮನೆಯ ಮುಂದೆ ಕಡಲ ಕಡೆಗೆ ನಾಲ್ಕು ಸಾಲು ತೆಂಗು. ಅದು ಯಾರಿಗೆಂಬ ಪ್ರಶ್ನೆ. ಮಾತು ಬೆಳೆದು ಕೋರ್ಟಿನ ಮೆಟ್ಟಿಲು ಹತ್ತಿತು. ತಾಯಿ ಮುಂಬಯಿಗೆ ಬಂದವರು ಮತ್ತೆ ಆ ಮನೆಗೆ ಹೋಗಲಿಲ್ಲ, ಅಕ್ಕನೊಡನೆ ಮಾತಾಡಲಿಲ್ಲ, ೨೦೧೯ರಲ್ಲಿ ತೀರಿಕೊಂಡರು. ಆಗಲೂ ಅಲ್ಲಿಂದ ಯಾರೂ ಬರಲಿಲ್ಲ. ಇವನೂ ಹೇಳಿ ಕಳಿಸಿರಲಿಲ್ಲ. ಅವನು ಆ ಊರನ್ನು ಕಂಡು ಹತ್ತು ವರ್ಷದ ಮೇಲಾಗಿತ್ತು. ನಡಿಗೆ ಕಾರವಾರದಲ್ಲಿ ಮೊದಲಾದಾಗ ಊರು ಎಲ್ಲೋ ದೂರವಿತ್ತು. ಕಂತು ಕಂತಿಗೆ ಅದು ಹತ್ತಿರವಾಗುತ್ತ ಬಂತು. ಗಾಡಿಯಲ್ಲಿ ಹೋದರೆ ಉಡುಪಿಯಲ್ಲಿ ಇಳಿದು ಬೇರೆ ದಾರಿ ಹಿಡಿಯಬಹುದು. ದಡದ ಮೇಲೆ ನಡೆಯುವವನಿಗೆ ಬೇರೆ ದಾರಿ ಇಲ್ಲ. ಆ ಅಂಗಳದ ಮುಂದೆಯೇ ಹಾದುಹೋಗಬೇಕು.

ಮಳೆಗಾಲ ಬಂತು. ನಡಿಗೆ ನಿಂತೇ ಹೋಯಿತೆಂದು ನಾನು ಭಾವಿಸಿದ್ದೆ. ೨೦೨೪ರ ಆಗಸ್ಟ್ ೭ರಂದು, ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ದಾಟುತ್ತಿದ್ದ ಲಾರಿಯೊಂದು ನೀರಿಗೆ ಬಿದ್ದು, ಚಾಲಕ ಬದುಕಿ ಉಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ನಾವು ಮೊದಲ ದಿನ ನಡೆದು ದಾಟಿದ ಸೇತುವೆಯೇ ಅದು. ಆ ಸಂಜೆ ಸ್ನೇಹಿತನ ಫೋನು ಬಂತು. "ನಾವು ನಡೆದ ಸೇತುವೆ ಬಿತ್ತಲ್ಲ" ಎಂದ. ಹೌದೆಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ದೊಡ್ಡಮ್ಮನಿಗೆ ಎಂಬತ್ತಾಗಿರಬೇಕು" ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಡಿಸೆಂಬರಿನ ಎರಡನೇ ಶನಿವಾರ ಯಾವಾಗ ಬರುತ್ತದೆ ನೋಡು" ಎಂದ.

ಡಿಸೆಂಬರ್ ೧೪. ಹುಣ್ಣಿಮೆಯ ಮುನ್ನಾದಿನ. ಹಿಂದಿನ ದಿನ ಕೋಡಿಬೆಂಗ್ರೆಯಿಂದ ನಡೆದು ಮಲ್ಪೆಯಲ್ಲಿ ತಂಗಿದ್ದೆವು. ಬೆಳಿಗ್ಗೆ ಸೇತುವೆ ದಾಟಿ ಪಡುಕರೆಗೆ ಬಂದೆವು. ತಮ್ಮಲ್ಲಿ ಹಲವರಿಗೆ ಆ ಪ್ರದೇಶ ಗೊತ್ತು: ಪಡುವಲಿಗೆ ಕಡಲು, ಮೂಡಲಿಗೆ ಕಡಲಿಗೆ ಸಮನಾಗಿ ಹರಿಯುವ ಉದ್ಯಾವರದ ಹೊಳೆ, ನಡುವೆ ಒಂದು ಮರಳಿನ ಪಟ್ಟಿ, ಅದರ ಮೇಲೆ ಸಾಲಾಗಿ ಮನೆಗಳು. ಹೊಳೆಗೆ ಕಡಲು ಕಣ್ಣೆದುರಿಗೇ ಇದೆ. ಆದರೂ ಅಲೆಗಳು ಮರಳು ತಂದು ಅಡ್ಡ ಒಡ್ಡುವುದರಿಂದ ಅದು ಮೈಲಿಗಟ್ಟಲೆ ಪಕ್ಕದಲ್ಲೇ ಹರಿದು, ಮಲ್ಪೆಗೆ ಬಂದು ಕಡಲು ಸೇರುತ್ತದೆ. ಹಲವು ಕಡೆ ಕಡಲ್ಕೊರೆತಕ್ಕೆ ದೊಡ್ಡ ದೊಡ್ಡ ಕರಿಗಲ್ಲುಗಳ ತಡೆಗೋಡೆ ಹಾಕಿದ್ದಾರೆ. ಕಲ್ಲು ಹಾಕಿದ ಕಡೆ ಮನೆ ಉಳಿಯುತ್ತದೆ, ಆದರೆ ನಡೆಯುವ ಮರಳು ಮಾಯವಾಗುತ್ತದೆ. ಕಲ್ಲು ಮುಗಿದ ಕಡೆ ಕಡಲು ಇನ್ನಷ್ಟು ಕೊರೆಯುತ್ತದೆಂದು ಅಲ್ಲಿಯವರೇ ಹೇಳಿದರು.

ಹುಣ್ಣಿಮೆಯ ಭರತ, ಹತ್ತೂವರೆಯ ಹೊತ್ತಿಗೆ ನೀರು ಕಲ್ಲಿಗೆ ತಾಗಿ ನಮ್ಮ ದಾರಿ ಮುಗಿಯಿತು. ಕಲ್ಲು ಹತ್ತಿ ಮೇಲೆ ಬಂದೆವು. ಒಂದು ಅಂಗಳ, ಕಟ್ಟೆಯಿಲ್ಲದ ಬಾವಿ, ಹಂಚಿನ ಮನೆ. ಸ್ನೇಹಿತ ನಿಂತುಬಿಟ್ಟ. ಅವನು ಮನೆಯನ್ನು ಗುರುತಿಸಿದ್ದು ಬಾವಿಯಿಂದ. ಬೇರೆ ಯಾವುದೂ ಅವನ ನೆನಪಿನ ಜಾಗದಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲಿ ಜಗಲಿಯಿಂದ ಕಡಲಿಗೆ ಎಂಬತ್ತು ಹೆಜ್ಜೆ ಓಡುತ್ತಿದ್ದನಂತೆ. ಈಗ ಎಣಿಸಿದರೆ ಇಪ್ಪತ್ತೆರಡು. ನಾಲ್ಕು ಸಾಲು ತೆಂಗಿನಲ್ಲಿ ಒಂದೂ ಇರಲಿಲ್ಲ. ಯಾವ ಜಾಗಕ್ಕೆ ಅಕ್ಕ ತಂಗಿಯರು ಮಾತು ಬಿಟ್ಟರೋ ಆ ಜಾಗದ ಮೇಲೆ ಅಲೆ ಆಡುತ್ತಿತ್ತು.

ಜಗಲಿಯಲ್ಲಿ ಕುಳಿತಿದ್ದ ವೃದ್ಧೆ ನಮ್ಮನ್ನು ದಾರಿ ತಪ್ಪಿದ ಪ್ರವಾಸಿಗಳೆಂದು ತಿಳಿದು ಯಾರೆಂದು ತುಳುವಿನಲ್ಲಿ ಕೇಳಿದರು. ಅವನು ತನ್ನ ಹೆಸರು ಹೇಳಲಿಲ್ಲ. ತಾಯಿಯ ಹೆಸರು ಹೇಳಿ, ಅವರ ಮಗ ಎಂದ. ಆಕೆ ಏನೂ ಹೇಳದೆ ಎದ್ದು ಒಳಗೆ ಹೋದರು. ಕೋಪಗೊಂಡರೆಂದೇ ನಾವು ತಿಳಿದೆವು. ನಾನು ಚೀಲವನ್ನು ಮತ್ತೆ ಹೆಗಲಿಗೆ ಏರಿಸಿದೆ. ಆಕೆ ಹೊರಗೆ ಬಂದದ್ದು ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ನಾಲ್ಕು ತುಂಡು ಬೆಲ್ಲ ಹಿಡಿದು. ನಾಲ್ವರೂ ಕುಡಿದೆವು. ಬಳಿಕ ನಡೆದ ಸಂಭಾಷಣೆಯನ್ನು ಸ್ನೇಹಿತ ನನಗೆ ಆಮೇಲೆ ಕನ್ನಡದಲ್ಲಿ ಹೇಳಿದ.

"ಬಸ್ಸಿನಲ್ಲಿ ಬಂದೆಯಾ?"

"ಇಲ್ಲ ದೊಡ್ಡಮ್ಮ, ನಡೆದುಕೊಂಡು ಬಂದೆ."

"ಎಲ್ಲಿಂದ?"

"ಕಾರವಾರದಿಂದ."

ಆಕೆ ಅವನ ಕಾಲನ್ನು ನೋಡಿದರು. "ನಡೆದುಕೊಂಡು ಬಂದದ್ದಾದರೆ ಇಷ್ಟು ತಡವಾದದ್ದು ಸರಿಯೇ" ಎಂದರು.

ಅಷ್ಟೇ. ಅತ್ತದ್ದೂ ಇಲ್ಲ, ಅಪ್ಪಿಕೊಂಡದ್ದೂ ಇಲ್ಲ. ಆಕೆ ಗಲ್ಲದಿಂದಲೇ ಕಡಲ ಕಡೆ ತೋರಿಸಿ, "ಅದು ನಿನ್ನ ಅಮ್ಮನಿಗೂ ಆಗಲಿಲ್ಲ, ನನಗೂ ಆಗಲಿಲ್ಲ" ಎಂದರು. ನೀರು ಇಳಿಯುವ ತನಕ ನಾವು ಹೋಗುವಂತಿರಲಿಲ್ಲ, ಹೋಗೆಂದು ಆಕೆ ಹೇಳುವಂತೆಯೂ ಇರಲಿಲ್ಲ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು; ಮಾಸ್ತರರಿಗೆ ಮಟ್ಟುಗುಳ್ಳದ ಹುಳಿ. ಸಂಜೆ ನೀರು ಇಳಿದಾಗ ಹೊರಟೆವು. ಸ್ನೇಹಿತ ಮಾತ್ರ ಆ ರಾತ್ರಿ ಅಲ್ಲೇ ಉಳಿದ. ಮರುದಿನ ಬೆಳಿಗ್ಗೆ ನಾವು ಮಟ್ಟುವಿನ ಸೇತುವೆಯ ಹತ್ತಿರ ಅವನಿಗಾಗಿ ಕಾದು, ನಾಲ್ವರೂ ಕೂಡಿ ಕಾಪುವಿನ ದೀಪಸ್ತಂಭದ ಬುಡಕ್ಕೆ ಬಂದು, ೧೯೦೧ರಿಂದ ನಿಂತಿರುವ ಆ ಕಂಬದ ನೆರಳಿನಲ್ಲಿ ಕಂತನ್ನು ಮುಗಿಸಿದೆವು. ಅವನ ಚೀಲ ಗುಳ್ಳದಿಂದ ಭಾರವಾಗಿತ್ತು. ನಾವು ಅದನ್ನು ಸರದಿಯಂತೆ ಹೊತ್ತೆವು.

ಉಳಿದದ್ದು ಬೇಗ ಮುಗಿಯಿತು. ೨೦೨೫ರ ಜನವರಿಯಲ್ಲಿ ಪಡುಬಿದ್ರಿ, ಹೆಜಮಾಡಿ, ಶಾಂಭವಿ ನಂದಿನಿಗಳು ಕೂಡುವ ಸಸಿಹಿತ್ಲು. ಫೆಬ್ರವರಿಯಲ್ಲಿ ಸುರತ್ಕಲ್ಲಿನಿಂದ ಪಣಂಬೂರು. ಅಲ್ಲಿ ಬಂದರಿನ ಗೋಡೆಯನ್ನು ರಸ್ತೆಯಲ್ಲಿ ಸುತ್ತಿ, ತಣ್ಣೀರುಬಾವಿ ಬೆಂಗ್ರೆಗಳನ್ನು ದಾಟಿ, ದೋಣಿಯಲ್ಲಿ ಮಂಗಳೂರು. ನೇತ್ರಾವತಿಯ ಆಚೆ, ಪೋರ್ತುಗೀಜರನ್ನು ಎದುರಿಸಿದ ಅಬ್ಬಕ್ಕನ ಉಳ್ಳಾಲ. ಅಲ್ಲಿಯೂ ಕಡಲು ಮನೆಗಳ ಹೊಸ್ತಿಲಿಗೆ ಬಂದಿದೆ. ಕೊನೆಯ ದಿನ ಮಧ್ಯಾಹ್ನಕ್ಕೆ ಮೊದಲೇ ತಲಪಾಡಿ. ಅಸಲು ಪೂರ್ತಿ ತೀರಿತೆಂದು ನಾನು ಪುಸ್ತಕ ಮುಚ್ಚಿದೆ. ಮಾಸ್ತರರು ಒಪ್ಪಲಿಲ್ಲ, "ಬಡ್ಡಿ ಉಂಟಲ್ಲ" ಎಂದರು. ಗಡಿ ದಾಟಿ ಇನ್ನೆರಡು ತಾಸು ನಡೆದು ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಗೆ ಹೋಗಿ ಕೈಮುಗಿದು ಬಂದೆವು. ಅದು ಕೇರಳ ರಾಜ್ಯ. ದಾರಿಯಲ್ಲಿ ಕನ್ನಡದಲ್ಲಿ ದಾರಿ ಕೇಳಿದೆವು, ಕನ್ನಡದಲ್ಲೇ ಉತ್ತರ ಬಂತು.

ಮಿತ್ರರೆ, ಲೆಕ್ಕ ಮುಗಿಯಿತು. ಬಾಕಿಯೂ ಇದೆ, ಮುಚ್ಚಿಡುವುದಿಲ್ಲ. ನೌಕಾನೆಲೆಯ ತೀರವನ್ನು ನಡೆಯಲಿಲ್ಲ, ಬಂದರಿನ ತೀರವನ್ನು ನಡೆಯಲಿಲ್ಲ. ನನ್ನ ಸ್ನೇಹಿತನ ತಾಯಿ ಆ ಬೆಲ್ಲ ತಿನ್ನಲಿಲ್ಲ. ಅದನ್ನು ಯಾವ ಕಂತಿನಿಂದಲೂ ತುಂಬಲಾಗದು. ಕಳೆದ ಮೇ ತಿಂಗಳ ರಜೆಯಲ್ಲಿ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮನೆಯಲ್ಲಿ ಹತ್ತು ದಿನ ಇದ್ದು ಬಂದ. ಮಕ್ಕಳು ಜಗಲಿಯಿಂದ ಕಲ್ಲಿನ ಗೋಡೆಗೆ ಹೆಜ್ಜೆ ಎಣಿಸಿದರಂತೆ. ಅವರ ಪುಟ್ಟ ಹೆಜ್ಜೆಗೆ ಮೂವತ್ತೊಂದು.

ಈ ಸಭೆಯಲ್ಲಿರುವ ನಮ್ಮಲ್ಲಿ ಬಹುಮಂದಿಗೆ ಎಲ್ಲೋ ಒಂದು ಜಗಲಿ ಉಂಟು. ಹೋಗದಿರುವುದಕ್ಕೆ ಒಂದು ಕಾರಣವೂ ಉಂಟು. ಒಮ್ಮೆಗೇ ಹೋಗಿಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ; ನಾನೇ ಒಂದು ಕಂತನ್ನು ಹಾರಿಸಹೊರಟವನು. ದೊಡ್ಡ ಸಾಲವನ್ನು ಯಾರೂ ಒಂದೇ ದಿನದಲ್ಲಿ ತೀರಿಸುವುದಿಲ್ಲ ಎಂಬ ಮಾತನ್ನು ಮಾತ್ರ ಒಬ್ಬ ಗುಮಾಸ್ತನಾಗಿ ಧೈರ್ಯದಿಂದ ಹೇಳಬಲ್ಲೆ. ಮೊದಲ ಕಂತನ್ನು ಕಟ್ಟಿ. ಮುಂದಿನದು ಬಿಟ್ಟ ಜಾಗದಲ್ಲೇ ಕಾದಿರುತ್ತದೆ.

ಮುಂದಿನ ಡಿಸೆಂಬರಿನಲ್ಲಿ ಸಂಘದ ತರುಣರು ಯಾರಾದರೂ ಮಾಜಾಳಿಯಿಂದ ಹೊರಡುವುದಾದರೆ ನನ್ನ ಟಿಪ್ಪಣಿ ಪುಸ್ತಕ, ಮಾಸ್ತರರ ಪಂಚಾಂಗ ಎರಡೂ ಸಂಘದ ಕಪಾಟಿನಲ್ಲಿ ಇರುತ್ತವೆ.